ಗುರಿ, ಸಾಧನೆ ಮತ್ತು ಷರಾ

ಮೂವತ್ತೈದು ವರ್ಷ ಸರ್ಕಾರಿ ಸೇವೆಯಲ್ಲಿದ್ದವನಿಗೆ ಬದುಕನ್ನು ಕಾಲಂಗಳಲ್ಲಿ ನೋಡುವ ಅಭ್ಯಾಸ ನಿವೃತ್ತಿಯ ನಂತರವೂ ಬಿಡುವುದಿಲ್ಲ. ತಾಲ್ಲೂಕು ಮಟ್ಟದ ಕೆಡಿಪಿ ಸಭೆಯಿಂದ ವಿಧಾನಸೌಧದ ಪರಿಶೀಲನಾ ಸಭೆಯವರೆಗೆ ನನ್ನ ಮುಂದೆ ಬಂದ ತಃಖ್ತೆಗಳೆಲ್ಲವೂ ಹೆಚ್ಚುಕಡಿಮೆ ಒಂದೇ ಬಗೆಯವು. ಮೊದಲು ಗುರಿ, ಆಮೇಲೆ ಸಾಧನೆ, ಅದರ ಪಕ್ಕದಲ್ಲಿ ಶೇಕಡಾವಾರು, ಕಡೆಗೆ ಷರಾ. ಮೊದಲ ಮೂರು ಕಾಲಂಗಳನ್ನು ಎಲ್ಲರೂ ಓದುತ್ತಿದ್ದರು. ಷರಾ ಕಾಲಂ ಸಾಮಾನ್ಯವಾಗಿ ಖಾಲಿ ಇರುತ್ತಿತ್ತು. ಅಲ್ಲಿ ಯಾರಾದರೂ ಏನನ್ನಾದರೂ ಬರೆದಿದ್ದರೂ ಓದುವ ವ್ಯವಧಾನ ಸಭೆಯ ಅಧ್ಯಕ್ಷರಿಗೆ ಇರುತ್ತಿರಲಿಲ್ಲ. ಆ ಕಾಲಂ ಯಾತಕ್ಕಾಗಿ ಇದೆ ಎಂಬುದು ನನಗೆ ಅರ್ಥವಾದದ್ದು ಅರವತ್ಮೂರನೆಯ ವಯಸ್ಸಿನಲ್ಲಿ, ಮುಂಬೈ ನಗರದ ಪೆಡ್ಡರ್ ರಸ್ತೆಯ ಏರಿನಲ್ಲಿ, ಎರಡೂ ಮೀನಖಂಡಗಳು ಗಂಟು ಕಟ್ಟಿ ಹೆಜ್ಜೆ ಎತ್ತಲಾಗದೆ ನಿಂತಿದ್ದಾಗ.

2019ರಲ್ಲಿ ನಿವೃತ್ತನಾದ ಮೇಲೆ ವೈದ್ಯರ ಸಲಹೆಯಂತೆ ಲಾಲ್‌ಬಾಗಿನಲ್ಲಿ ನಡೆಯಲಾರಂಭಿಸಿದೆ. ನಡಿಗೆ ಬಿರುಸಾಯಿತು, ಬಿರುಸು ಓಟವಾಯಿತು. ಕೋವಿಡ್ ಕಾಲದ ನಿರ್ಬಂಧಗಳು ಸಡಿಲಗೊಂಡ ನಂತರ ಹತ್ತು ಕಿಲೋಮೀಟರ್, ಆಮೇಲೆ ಇಪ್ಪತ್ತೊಂದು. ಇಷ್ಟಾದ ಮೇಲೆ ಪೂರ್ಣ ಮ್ಯಾರಥಾನ್ ಓಡಬೇಕೆಂಬ ಆಸೆ ಹುಟ್ಟದಿರಲು ಮನುಷ್ಯ ನನಗಿಂತ ಹೆಚ್ಚು ವಿವೇಕಿಯಾಗಿರಬೇಕು. 2000ನೇ ಇಸವಿಯಲ್ಲಿ ಲಂಡನ್ ಮ್ಯಾರಥಾನ್ ಓಡಿದಾಗ ಫೌಜಾ ಸಿಂಗ್ ಅವರಿಗೆ ಎಂಬತ್ತೊಂಬತ್ತು ವರ್ಷವಾಗಿತ್ತಂತೆ. ಅವರಿಗೆ ಸಾಧ್ಯವಾದದ್ದು ಅವರಿಗಿಂತ ಕಾಲು ಶತಮಾನ ಕಿರಿಯನಾದ ನನಗೇಕೆ ಆಗದು ಎಂಬುದು ನನ್ನ ತರ್ಕವಾಗಿತ್ತು. ಒಂದು ಅಪವಾದವನ್ನು ಹಿಡಿದು ಸರಾಸರಿಯನ್ನು ಊಹಿಸಬಾರದೆಂದು ಮಾನಸಗಂಗೋತ್ರಿಯಲ್ಲಿ ಅರ್ಥಶಾಸ್ತ್ರ ಎಂ.ಎ. ಓದುವಾಗ ಸಂಖ್ಯಾಶಾಸ್ತ್ರದ ಅಧ್ಯಾಪಕರು ಹೇಳಿಕೊಟ್ಟಿದ್ದರು. ಸ್ವಂತ ವಿಷಯ ಬಂದಾಗ ಆ ಪಾಠ ನೆನಪಾಗಲಿಲ್ಲ.

ಗುರಿ ನಿಗದಿಪಡಿಸುವುದು ನನಗೆ ರೂಢಿಯಾದ ಕೆಲಸ. ದೂರ 42.195 ಕಿಲೋಮೀಟರ್, ಸಮಯ 5 ಗಂಟೆ. ಅಂದರೆ ಕಿಲೋಮೀಟರಿಗೆ ಏಳು ನಿಮಿಷ, ಮೇಲೆ ಆರೇಳು ಸೆಕೆಂಡು. ಜುಲೈನಿಂದ ಜನವರಿಯವರೆಗೆ ವಾರವಾರದ ತಃಖ್ತೆಯೊಂದನ್ನು ಸಿದ್ಧಪಡಿಸಿ ಅಡುಗೆಮನೆಯ ಫ್ರಿಜ್ಜಿನ ಮೇಲೆ ಅಂಟಿಸಿದೆ. ಅದನ್ನು ನೋಡಿದ ನನ್ನ ಹೆಂಡತಿ, 'ಇದರಲ್ಲಿ ಷರಾ ಕಾಲಮ್ಮೇ ಇಲ್ಲವಲ್ಲ ರೀ' ಎಂದಳು. ಷರಾ ಬರೆಯುವ ಪ್ರಸಂಗವೇ ಬರುವುದಿಲ್ಲ ಎಂದು ಉತ್ತರಿಸಿದ್ದೆ.

ಪ್ರಸಂಗ ಬಂತು. ಅಕ್ಟೋಬರಿನಲ್ಲಿ ಎಡಗಾಲಿನ ಹಿಮ್ಮಡಿ ನೋಯಲು ಶುರುವಾಗಿ ಮೂರು ವಾರ ಓಟ ನಿಂತಿತು. ನವೆಂಬರಿನಲ್ಲಿ ಮೊಮ್ಮಗಳ ನಾಮಕರಣ, ಡಿಸೆಂಬರಿನಲ್ಲಿ ನೆಗಡಿ ಜ್ವರ. ಮೂವತ್ತು ಕಿಲೋಮೀಟರಿನ ಅಭ್ಯಾಸದ ಓಟವನ್ನು ನಾಲ್ಕು ಸಲ ಮಾಡಬೇಕೆಂದು ಬರೆದುಕೊಂಡಿದ್ದೆ. ಜ್ಞಾನಭಾರತಿಯ ಆವರಣದಲ್ಲಿ ಸುತ್ತಿ ಸುತ್ತಿ ಒಂದು ಸಲ ಮುಗಿಸಿದೆ. ಅನುದಾನ ಕಾಲುಭಾಗ ಬಿಡುಗಡೆಯಾಗಿದ್ದರೂ ಗುರಿಯನ್ನು ಮಾತ್ರ ಪರಿಷ್ಕರಿಸದೆ ಉಳಿಸಿಕೊಂಡ ಇಲಾಖೆಯಂತೆ, ಐದು ಗಂಟೆ ಎಂಬ ಅಂಕಿಯನ್ನು ನಾನು ತಿದ್ದಲಿಲ್ಲ. ಗೆಳೆಯರಿಗೆಲ್ಲ ಹೇಳಿ ಆಗಿತ್ತು.

2023ರ ಜನವರಿ 15, ಭಾನುವಾರ. ಅಂದೇ ಮಕರ ಸಂಕ್ರಾಂತಿ. ಕೋವಿಡ್ ಕಾರಣದಿಂದ ಎರಡು ವರ್ಷ ನಡೆಯದಿದ್ದ ಮುಂಬೈ ಮ್ಯಾರಥಾನ್ ಮತ್ತೆ ನಡೆಯುತ್ತಿದ್ದ ದಿನ. 2004ರಲ್ಲಿ ಆರಂಭವಾದ ಈ ಓಟ ಇಂದು ದೇಶದಲ್ಲೇ ದೊಡ್ಡದೆನಿಸಿದೆ. ಛತ್ರಪತಿ ಶಿವಾಜಿ ರೈಲು ನಿಲ್ದಾಣದ ಆ ಭವ್ಯ ಕಟ್ಟಡದೆದುರು, ನಸುಕಿಗೂ ಮುಂಚಿನ ಕತ್ತಲಲ್ಲಿ, ಸಾವಿರಾರು ಜನರ ನಡುವೆ ನಿಂತಾಗ ಅರವತ್ಮೂರರ ಮೈಗೂ ರೋಮಾಂಚನವಾಯಿತು. ಗಾಳಿ ತಂಪಾಗಿತ್ತು. ನನ್ನ ವೈಫಲ್ಯಕ್ಕೆ ಹವೆಯನ್ನು ದೂರುವ ಅವಕಾಶವೂ ಇರಲಿಲ್ಲವೆಂಬುದನ್ನು ಇಲ್ಲಿಯೇ ದಾಖಲಿಸುವುದು ಒಳಿತು. ಅದೇ ರಸ್ತೆಗಳ ಮೇಲೆ, ಅದೇ ಬೆಳಗ್ಗೆ, ಇಥಿಯೋಪಿಯಾದ ಹೈಲೆ ಲೆಮಿ 2 ಗಂಟೆ 7 ನಿಮಿಷ 32 ಸೆಕೆಂಡುಗಳಲ್ಲಿ ಓಡಿ ಕೂಟದಾಖಲೆ ಬರೆದರು.

ಮರೀನ್ ಡ್ರೈವಿನ ದೀಪಗಳು, ಪೆಡ್ಡರ್ ರಸ್ತೆಯ ಮೊದಲ ಏರು, ಹಾಜಿ ಅಲಿ ಯಾವುದೂ ಭಾರವೆನಿಸಲಿಲ್ಲ. ಬಾಂದ್ರಾ–ವರ್ಲಿ ಸಮುದ್ರ ಸೇತುವೆಯ ಮೇಲೆ ಬೇರೆ ದಿನಗಳಲ್ಲಿ ಪಾದಚಾರಿಗಳಿಗೆ ಪ್ರವೇಶವಿಲ್ಲ. ಆ ಐದೂವರೆ ಕಿಲೋಮೀಟರ್ ಹಾದಿಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ನಗರದ ಬೆನ್ನ ಹಿಂದಿನಿಂದ ಏಳುತ್ತಿದ್ದ ಸಂಕ್ರಾಂತಿಯ ಸೂರ್ಯ. ಅರ್ಧ ದೂರ ಮುಗಿದಾಗ ಗಡಿಯಾರ 2 ಗಂಟೆ 18 ನಿಮಿಷ ತೋರಿಸುತ್ತಿತ್ತು. ಯೋಜನೆಗಿಂತ ಹನ್ನೆರಡು ನಿಮಿಷ ಮುಂದೆ! ಮೊದಲ ತ್ರೈಮಾಸಿಕದಲ್ಲೇ ವಾರ್ಷಿಕ ಗುರಿಯ ಮುಕ್ಕಾಲು ಭಾಗ ತೋರಿಸಿದ ಅಧಿಕಾರಿಯನ್ನು ಅನುಮಾನದಿಂದ ನೋಡಬೇಕೆಂದು ನನಗೆ ಅನುಭವ ಕಲಿಸಿತ್ತು. ಆ ದಿನ ಆ ಅಧಿಕಾರಿ ನಾನೇ ಆಗಿದ್ದುದರಿಂದ ಅನುಮಾನ ಬರಲಿಲ್ಲ.

ಮಾತುಂಗಾದಲ್ಲಿ ನನ್ನ ದೊಡ್ಡಪ್ಪನ ಮಗಳು ಇದ್ದಾಳೆ. ಮದುವೆಯಾಗಿ ಮೈಸೂರು ಬಿಟ್ಟು ಹೋದವಳು ಐವತ್ತು ವರ್ಷಗಳಿಂದ ಅಲ್ಲಿಯವಳೇ. ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮಗಳಿಗೆ ತಪ್ಪದೆ ಹೋಗುವ, ಮರಾಠಿಯಲ್ಲಿ ಚೌಕಾಸಿ ಮಾಡಿ ಕನ್ನಡದಲ್ಲಿ ಬೈಯುವ ಹೆಂಗಸು. ಎಪ್ಪತ್ತೆರಡು ವರ್ಷದ ಅಕ್ಕ ಆ ಬೆಳಗ್ಗೆ ಹಬ್ಬದ ಕೆಲಸವನ್ನು ಸೊಸೆಗೆ ವಹಿಸಿ, ಎಳ್ಳುಬೆಲ್ಲದ ಡಬ್ಬಿ ಹಿಡಿದು ಶಿವಾಜಿ ಪಾರ್ಕಿನ ಬಳಿ ನಿಂತಿದ್ದಳು. ದೂರದಿಂದಲೇ ನನ್ನನ್ನು ಗುರುತಿಸಿ, 'ಬಾರೋ, ಒಂದು ಚೂರು ಬಾಯಿಗೆ ಹಾಕ್ಕೊಂಡು ಹೋಗೋ' ಎಂದು ಕೂಗಿದಳು. ನಾನು ಗಡಿಯಾರ ನೋಡಿದೆ. ನಿಂತರೆ ಅರ್ಧ ನಿಮಿಷ ಹೋಗುತ್ತದೆ. ಕೈ ಬೀಸಿ, 'ಆಮೇಲೆ ಬರ್ತೀನಿ ಅಕ್ಕಾ' ಎಂದು ಓಡುತ್ತಲೇ ಮುಂದೆ ಹೋದೆ.

ಅಲ್ಲಿಂದ ಮೂರು ಕಿಲೋಮೀಟರ್ ಹೋಗುವಷ್ಟರಲ್ಲಿ ಬಲಗಾಲಿನ ಮೀನಖಂಡ ಒಮ್ಮೆ ಮಿಡಿಯಿತು. ಆಮೇಲೆ ಎಡಗಾಲು.

ಮ್ಯಾರಥಾನ್ ಓಡುವವರು ಇದನ್ನು ಗೋಡೆಗೆ ಗುದ್ದುವುದು ಎನ್ನುತ್ತಾರೆ. ಕಾರಣ ಸರಳವಾದದ್ದು. ನಮ್ಮ ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ರೂಪದಲ್ಲಿ ಸಂಗ್ರಹವಾಗಿರುವ ಶಕ್ತಿ ಸುಮಾರು 2000 ಕಿಲೋಕ್ಯಾಲರಿ. ಸಾಧಾರಣ ಮೈಕಟ್ಟಿನವನಿಗೆ ಅದು ಮೂವತ್ತು ಕಿಲೋಮೀಟರಿನ ಆಸುಪಾಸಿನವರೆಗೆ ಸಾಲುತ್ತದೆ. ವೇಗ ಹೆಚ್ಚಿದಷ್ಟೂ ಆ ದಾಸ್ತಾನು ಬೇಗ ಕರಗುತ್ತದೆ. ಅದು ತೀರಿದ ಮೇಲೆ ದೇಹ ಕೊಬ್ಬನ್ನು ನೆಚ್ಚಬೇಕು. ಕೊಬ್ಬು ಯಥೇಷ್ಟವಾಗಿದ್ದರೂ ನಿಧಾನವಾಗಿಯೇ ಶಕ್ತಿ ಕೊಡುತ್ತದೆ. ದೀರ್ಘ ಅಭ್ಯಾಸದ ಓಟಗಳು ದೇಹಕ್ಕೆ ಈ ಎರಡನೆಯ ಖಾತೆಯನ್ನು ಬಳಸುವುದನ್ನು ಕಲಿಸುತ್ತವೆ. ನಾಲ್ಕು ಪಾಠಗಳಲ್ಲಿ ಒಂದನ್ನಷ್ಟೇ ಕಲಿತ ನಾನು, ಮೊದಲ ಅರ್ಧದಲ್ಲಿ ಗಳಿಸಿದೆನೆಂದು ಹಿಗ್ಗಿದ ಆ ಹನ್ನೆರಡು ನಿಮಿಷ ವಾಸ್ತವದಲ್ಲಿ ಉಳಿತಾಯವೇ ಆಗಿರಲಿಲ್ಲ. ಅದು ಮೀಟರ್ ಬಡ್ಡಿಯ ಸಾಲ.

ಮೂವತ್ತೈದನೆಯ ಕಿಲೋಮೀಟರ್ ದಾಟಿದ ಮೇಲೆ ಪೆಡ್ಡರ್ ರಸ್ತೆಯ ಏರು ಎರಡನೆಯ ಬಾರಿ ಎದುರಾಗುತ್ತದೆ. ಬೆಳಗಿನ ಜಾವ ಗಮನಕ್ಕೇ ಬಾರದಿದ್ದ ಆ ಏರು ಈಗ ಚಾಮುಂಡಿ ಬೆಟ್ಟವಾಗಿತ್ತು. ಸ್ವಯಂಸೇವಕರೊಬ್ಬರು ಕಾಲಿಗೆ ನೋವಿನ ಸ್ಪ್ರೇ ಹೊಡೆದರು. ರಸ್ತೆಬದಿಯ ಮಹಡಿ ಮನೆಗಳಿಂದ ಇಳಿದು ಬಂದಿದ್ದ ಮಕ್ಕಳು ಕಿತ್ತಳೆ ತೊಳೆಗಳನ್ನು ಹಿಡಿದು ನಿಂತಿದ್ದರು. ಐದು ಗಂಟೆಯ ಗುರಿ ಕೈತಪ್ಪಿದ್ದು ಖಚಿತವಾಗಿತ್ತು. ವಿಭಜಕದ ಅಂಚಿನಲ್ಲಿ ಕುಳಿತು, ಗೆಳೆಯರಿಗೆ ಏನು ಹೇಳಬೇಕೆಂಬ ಕರಡನ್ನು ಮನಸ್ಸಿನಲ್ಲೇ ಸಿದ್ಧಪಡಿಸತೊಡಗಿದೆ. ಹಿಮ್ಮಡಿಯ ನೋವು, ಡಿಸೆಂಬರಿನ ಜ್ವರ, ಮೊಮ್ಮಗಳ ನಾಮಕರಣ. ಎಲ್ಲವೂ ನಿಜವೇ. ಆದರೆ ಒಂದೊಂದನ್ನೇ ಜೋಡಿಸುತ್ತಿದ್ದಂತೆ, ಈ ಮಾತುಗಳನ್ನು ಹಿಂದೆಲ್ಲೋ ಕೇಳಿದ್ದೇನೆ ಎನಿಸಿತು. ಕೇಳಿದ್ದೆ, ಆದರೆ ಕೇಳಿಸಿಕೊಂಡಿರಲಿಲ್ಲ.

1986ರ ಮಾರ್ಚ್. ಉತ್ತರ ಕರ್ನಾಟಕದ ಒಂದು ಉಪವಿಭಾಗಕ್ಕೆ ನಾನು ಅಸಿಸ್ಟೆಂಟ್ ಕಮಿಷನರ್, ವಯಸ್ಸು ಇಪ್ಪತ್ತಾರು. ವರ್ಷಾಂತ್ಯದ ಪರಿಶೀಲನಾ ಸಭೆ. ಆಗ ಕುಟುಂಬ ಯೋಜನೆಯ ಶಸ್ತ್ರಚಿಕಿತ್ಸೆಗಳಿಗೆ ಪ್ರತಿ ಆರೋಗ್ಯ ಕೇಂದ್ರಕ್ಕೂ, ಪ್ರತಿ ಕಾರ್ಯಕರ್ತೆಗೂ ಇಂತಿಷ್ಟು ಎಂದು ಗುರಿ ಇರುತ್ತಿತ್ತು. ಒಬ್ಬ ಕಿರಿಯ ಆರೋಗ್ಯ ಸಹಾಯಕಿಯ ಗುರಿ ನಲವತ್ತು. ಆಕೆ ಎದ್ದು ನಿಂತು, 'ಹದಿನೇಳು ಆಗ್ಯಾವ್ರೀ ಸಾಹೇಬ್ರ' ಎಂದಳು. ಬರ ಬಿದ್ದು ಅರ್ಧ ಊರೇ ಕಬ್ಬು ಕಡಿಯಲು ಗುಳೆ ಹೋಗಿದೆ, ಊರಲ್ಲಿ ಉಳಿದವರು ಮುದುಕರು ಎಂದು ಹೇಳಲು ಹೊರಟಳು. ನಾನು ತಡೆದೆ. 'ಕಾರಣ ಬೇಡ, ಅಂಕಿ ಹೇಳಿ' ಎಂದೆ. ಆ ಮಾತಿನ ಖಡಕ್ಕುತನದ ಬಗ್ಗೆ ನನಗೆ ಆಗ ಹೆಮ್ಮೆಯಿತ್ತು.

ಅದೇ ಸಭೆಯಲ್ಲಿ ಇನ್ನೊಂದು ಕೇಂದ್ರದವರು ಶೇ 104ರಷ್ಟು ಸಾಧನೆ ತೋರಿಸಿದರು. ಅವರಿಗೆ ಚಪ್ಪಾಳೆ, ಆಕೆಗೆ ಕಾರಣ ಕೇಳಿ ನೋಟಿಸು, ನನ್ನ ಶಿಫಾರಸಿನ ಮೇರೆಗೆ ಒಂದು ವರ್ಷದ ವೇತನ ಬಡ್ತಿಗೆ ತಡೆ. ಆರು ತಿಂಗಳ ನಂತರ ಆ ಶೇ 104ರ ಪಟ್ಟಿಯನ್ನು ಪರಿಶೀಲಿಸಿದಾಗ ಒಂದೇ ಹೆಸರು ಎರಡೆರಡು ಕಡೆ ಇದ್ದದ್ದೂ, ಮೊಮ್ಮಕ್ಕಳನ್ನು ಕಂಡ ಹೆಂಗಸರು ಫಲಾನುಭವಿಗಳಾಗಿದ್ದದ್ದೂ ಹೊರಬಿತ್ತು. ಆ ಕಡತ ಮುಕ್ತಾಯವಾಯಿತು. ಈಕೆಯ ಬಡ್ತಿಯ ಕಡತವನ್ನು ನಾನು ಮತ್ತೆ ತರಿಸಿ ನೋಡಲಿಲ್ಲ. ಅಷ್ಟರಲ್ಲಿ ನನಗೆ ವರ್ಗವಾಗಿತ್ತು ಎಂದು ನಾನು ಹೇಳಬಹುದು. ಅದೂ ನಿಜವೇ.

ಅಳತೆಗೋಲನ್ನೇ ನಿಯಂತ್ರಣದ ಸಾಧನವಾಗಿ ಬಳಸಲು ಹೊರಟರೆ ಅದು ಅಳತೆಗೋಲಾಗಿ ಉಳಿಯುವುದಿಲ್ಲ ಎಂಬ ಅರ್ಥದ ಮಾತನ್ನು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಸಂದರ್ಭದಲ್ಲಿ ಹೇಳಿದ್ದರು. ಕೇಂದ್ರ ಸರ್ಕಾರ 1996ರ ಏಪ್ರಿಲ್‌ನಲ್ಲಿ ಕುಟುಂಬ ಯೋಜನೆಯ ಗುರಿಗಳನ್ನು ಮೇಲಿನಿಂದ ಹೇರುವ ಪದ್ಧತಿಯನ್ನು ದೇಶದಾದ್ಯಂತ ಕೈಬಿಟ್ಟಿತು. ನೀತಿ ತನ್ನನ್ನು ತಿದ್ದಿಕೊಂಡಿತು. ನಾನು ಮಾತ್ರ, ಹದಿನೇಳು ಎಂಬ ಸತ್ಯವನ್ನು ಶಿಕ್ಷಿಸಿ ನೂರನಾಲ್ಕು ಎಂಬ ಸುಳ್ಳಿಗೆ ಚಪ್ಪಾಳೆ ತಟ್ಟಿದ್ದೆನೆಂಬ ಲೆಕ್ಕವನ್ನು ಮೂವತ್ತೇಳು ವರ್ಷ ಮುಂದಕ್ಕೆ ಹಾಕುತ್ತಲೇ ಬಂದಿದ್ದೆ.

ಹಾಗಾದರೆ ಗುರಿಯೇ ಬೇಡವೇ? ಹಾಗೆ ಹೇಳುವವನು ನಾನಲ್ಲ. ಐದು ಗಂಟೆಯೆಂಬ ಅಂಕಿ ಇಲ್ಲದಿದ್ದರೆ ನಾನು ಜುಲೈನ ಮಳೆಯಲ್ಲಿ ಐದು ಗಂಟೆಗೆ ಏಳುತ್ತಿರಲಿಲ್ಲ. ನಮ್ಮ ಪಂಚವಾರ್ಷಿಕ ಯೋಜನೆಗಳನ್ನೇ ನೋಡಿ. ಮೊದಲ ಯೋಜನೆಯ ಬೆಳವಣಿಗೆಯ ಗುರಿ ಶೇ 2.1, ಸಾಧನೆ ಶೇ 3.6. ಅದರಲ್ಲಿ ಯೋಜಕರ ಪಾಲಿನಷ್ಟೇ ಮಳೆರಾಯನ ಪಾಲೂ ಇತ್ತು. ಮೂರನೆಯ ಯೋಜನೆಯ ಗುರಿ ಶೇ 5.6, ಸಾಧನೆ ಅದರ ಅರ್ಧದ ಆಸುಪಾಸು. 1962ರ ಯುದ್ಧ, 1965ರ ಯುದ್ಧ, ಅದರ ಬೆನ್ನಿಗೇ ಬರ. 1966ರಿಂದ ಮೂರು ವರ್ಷ ಪಂಚವಾರ್ಷಿಕ ಯೋಜನೆಗೇ ರಜೆ ಕೊಡಬೇಕಾಯಿತು. ಗುರಿ ಮೀರಿದ್ದಕ್ಕೆ ಮೊದಲನೆಯದನ್ನು ಹೊಗಳಿ, ಕುಸಿದದ್ದಕ್ಕೆ ಮೂರನೆಯದನ್ನು ತೆಗಳಿ ಸುಮ್ಮನಾದರೆ ನಾವು ಏನನ್ನೂ ಕಲಿತಂತಾಗುವುದಿಲ್ಲ. ಕಲಿಯಬೇಕಾದದ್ದೆಲ್ಲ ಷರಾ ಕಾಲಂನಲ್ಲಿದೆ.

ಆದರೆ ಷರಾದಲ್ಲಿ ಬರೆಯುವುದೆಲ್ಲವೂ ಕಾರಣವಲ್ಲ. ಕಾರಣಕ್ಕೂ ನೆಪಕ್ಕೂ ವ್ಯತ್ಯಾಸವಿದೆ. ಅಂಕಿಯನ್ನು ಮೊದಲು ಒಪ್ಪಿಕೊಂಡು ಆಮೇಲೆ ಹೇಳುವುದು ಕಾರಣ. ಅಂಕಿಯನ್ನು ಮರೆಮಾಚುವುದಕ್ಕಾಗಿ ಹೇಳುವುದು ನೆಪ. ಆ ಸಹಾಯಕಿ 'ಹದಿನೇಳು' ಎಂದು ಮೊದಲು ಹೇಳಿ, ಆಮೇಲೆ ಗುಳೆಯ ಮಾತೆತ್ತಿದ್ದಳು. ನಾನು ಪೆಡ್ಡರ್ ರಸ್ತೆಯಲ್ಲಿ ಕುಳಿತು ಜ್ವರ, ನಾಮಕರಣಗಳನ್ನು ಜೋಡಿಸುತ್ತಿದ್ದೆನೇ ಹೊರತು, 'ಅಭ್ಯಾಸ ಸಾಲದೆಂದು ಗೊತ್ತಿದ್ದೂ ವೇಗವಾಗಿ ಓಡಿದೆ' ಎಂಬ ಒಂದು ವಾಕ್ಯವನ್ನು ಬರೆಯಲು ಸಿದ್ಧನಿರಲಿಲ್ಲ.

1968ರ ಮೆಕ್ಸಿಕೋ ಒಲಿಂಪಿಕ್ಸ್‌ನ ಮ್ಯಾರಥಾನಿನಲ್ಲಿ ತಾಂಜಾನಿಯಾದ ಜಾನ್ ಸ್ಟೀಫನ್ ಅಖ್ವಾರಿ ನಡುದಾರಿಯಲ್ಲಿ ಬಿದ್ದು ಮಂಡಿಗೆ ತೀವ್ರ ಪೆಟ್ಟು ಮಾಡಿಕೊಂಡರು. ಇಥಿಯೋಪಿಯಾದ ಮಾಮೊ ವೊಲ್ಡೆ ಚಿನ್ನ ಗೆದ್ದು ಒಂದು ಗಂಟೆಗೂ ಹೆಚ್ಚು ಹೊತ್ತಾದ ಮೇಲೆ, ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು, ಕತ್ತಲು ಕವಿದ ಕ್ರೀಡಾಂಗಣದೊಳಕ್ಕೆ ಕುಂಟುತ್ತಾ ಬಂದು ಕೊನೆಯವರಾಗಿ ಓಟ ಮುಗಿಸಿದರು. ನಮ್ಮವರೇ ಆದ ಶಿವನಾಥ್ ಸಿಂಗ್ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹನ್ನೊಂದನೆಯವರಾದರು. ಪದಕ ಬರಲಿಲ್ಲ, ಪತ್ರಿಕೆಗಳಿಗೆ ಹನ್ನೊಂದನೆಯ ಸ್ಥಾನ ದೊಡ್ಡ ಸುದ್ದಿಯಲ್ಲ. ಎರಡು ವರ್ಷಗಳ ನಂತರ ಜಲಂಧರಿನಲ್ಲಿ ಅವರು ಓಡಿದ 2 ಗಂಟೆ 12 ನಿಮಿಷಗಳ ರಾಷ್ಟ್ರೀಯ ದಾಖಲೆ ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ಅಳಿಯದೆ ನಿಂತಿತು. ಇಂಥವರ ಜತೆ ನನ್ನನ್ನು ಹೋಲಿಸಿಕೊಳ್ಳುವಷ್ಟು ಅವಿವೇಕ ನನಗಿಲ್ಲ. ಸೋಲು ಎಂಬ ಒಂದೇ ಪದದ ಕೆಳಗೆ ನಾವು ಎಷ್ಟೊಂದು ಬೇರೆ ಬೇರೆ ಸಂಗತಿಗಳನ್ನು ತುರುಕುತ್ತೇವೆ ಎಂಬುದಕ್ಕೆ ಇವರನ್ನು ನೆನೆದೆ, ಅಷ್ಟೆ.

ಕಿತ್ತಳೆ ತೊಳೆ ಹಿಡಿದಿದ್ದ ಒಬ್ಬ ಹುಡುಗ, 'ಅಂಕಲ್, ಇನ್ನು ಬರೀ ಆರು ಕಿಲೋಮೀಟರ್' ಎಂದು ಹಿಂದಿಯಲ್ಲಿ ಹೇಳಿದ. ಎದ್ದೆ. ಉಳಿದ ದೂರವನ್ನು ಸ್ವಲ್ಪ ಓಡಿ, ಬಹುಪಾಲು ನಡೆದು ಮುಗಿಸಿದೆ. ಮರೀನ್ ಡ್ರೈವಿನಲ್ಲಿ ಬಿಸಿಲು ಏರಿತ್ತು. ಅಂತಿಮ ಗೆರೆ ದಾಟಿದಾಗ 5 ಗಂಟೆ 54 ನಿಮಿಷ. ಗುರಿಗಿಂತ ಐವತ್ತನಾಲ್ಕು ನಿಮಿಷ, ಅಂದರೆ ಶೇ 18ರಷ್ಟು ತಡ. ಕೊರಳಿಗೆ ಪದಕ ಹಾಕಿದ ಹುಡುಗಿಗೆ ಈ ಶೇಕಡಾವಾರು ಗೊತ್ತಿರಲಿಲ್ಲ. ನಕ್ಕು ಅಭಿನಂದನೆ ಹೇಳಿದಳು.

ಮಧ್ಯಾಹ್ನ ಮಾತುಂಗಾದ ಮನೆಯ ಮೆಟ್ಟಿಲನ್ನು ಗೋಡೆ ಹಿಡಿದು ಹತ್ತಿದೆ. 'ಎಷ್ಟಾಯ್ತೋ?' ಎಂದು ಅಕ್ಕ ಕೇಳಿದಳು. 'ಐದು ಐವತ್ತನಾಲ್ಕು. ಐದರೊಳಗೆ ಮುಗಿಸಬೇಕು ಅಂತಿತ್ತು. ಆಗಲಿಲ್ಲ. ಮೊದಲೇ ಜಾಸ್ತಿ ಜೋರಾಗಿ ಓಡಿಬಿಟ್ಟೆ' ಎಂದೆ. ಅವಳು ಅದಕ್ಕೆ ಹೆಚ್ಚಿನ ಬೆಲೆ ಕೊಟ್ಟಂತೆ ಕಾಣಲಿಲ್ಲ. ಡಬ್ಬಿಯ ಮುಚ್ಚಳ ತೆಗೆಯುತ್ತಾ, 'ಅದಿರಲಿ. ಎರಡು ಗಂಟೆ ಕಾದು ನಿಂತಿದ್ದೆ ಕಣೋ. ನೀನು ನಿಲ್ಲಲೇ ಇಲ್ಲ' ಎಂದಳು. ಮುನಿಸೇನೂ ಇರಲಿಲ್ಲ, ಆದದ್ದನ್ನು ಹೇಳಿದ್ದಳು. ಎಳ್ಳು ತಿಂದು ಒಳ್ಳೆಯ ಮಾತಾಡಬೇಕಾದ ದಿನ ನನಗೆ ಯಾವ ಮಾತೂ ಹೊಳೆಯಲಿಲ್ಲ. ಉಳಿಸಿದೆನೆಂದುಕೊಂಡ ಆ ಅರ್ಧ ನಿಮಿಷದಿಂದ ನನಗೆ ಸಿಕ್ಕಿದ್ದೇನು?

ಆ ಆರೋಗ್ಯ ಸಹಾಯಕಿಯನ್ನು ಹುಡುಕಿ ಕ್ಷಮೆ ಕೇಳಿದೆ ಎಂದು ಇಲ್ಲಿ ಬರೆದರೆ ಲೇಖನಕ್ಕೆ ಒಳ್ಳೆಯ ಮುಕ್ತಾಯ ಸಿಗುತ್ತಿತ್ತು. ಆದರೆ ಅದು ಶೇ 104ರ ಸಾಧನೆಯಾಗುತ್ತದೆ. ಆಕೆಯ ಪೂರ್ಣ ಹೆಸರು ನನಗೆ ನೆನಪಿಲ್ಲ. ನೆನಪಿಟ್ಟುಕೊಳ್ಳುವ ಅಗತ್ಯ ಆಗ ಕಂಡಿರಲಿಲ್ಲ. ಮಾಡಬಹುದಾದದ್ದು ಸ್ವಲ್ಪವೇ. ನಿವೃತ್ತರಾದ ನಮ್ಮಂಥವರನ್ನು ಹೊಸದಾಗಿ ಸೇವೆಗೆ ಸೇರಿದ ಅಧಿಕಾರಿಗಳೊಂದಿಗೆ ಮಾತನಾಡಲು ಆಗೊಮ್ಮೆ ಈಗೊಮ್ಮೆ ಕರೆಯುತ್ತಾರೆ. ಮೊದಲೆಲ್ಲ ನಾನು ದಕ್ಷತೆಯ ಬಗ್ಗೆ ಮಾತನಾಡುತ್ತಿದ್ದೆ. ಈಗ ಈ ಹದಿನೇಳರ ಕಥೆಯನ್ನು ಹೇಳುತ್ತೇನೆ. ಸಭೆಯಲ್ಲಿ ಕಡಿಮೆ ಅಂಕಿ ಹೇಳುವವರು ಎದ್ದು ನಿಂತಾಗ ಅವರ ಮಾತು ಮುಗಿಯುವವರೆಗೆ ಕಾಯಿರಿ, ಅದರಿಂದ ಹೋಗುವುದು ಎರಡು ನಿಮಿಷ ಮಾತ್ರ ಎನ್ನುತ್ತೇನೆ. ಇಂದು ತಃಖ್ತೆಗಳು ಕಂಪ್ಯೂಟರ್ ಪರದೆಗೆ ಬಂದಿವೆ. ಹಸಿರು, ಹಳದಿ, ಕೆಂಪು ಬಣ್ಣಗಳು ಕಣ್ಣಿಗೆ ರಾಚುತ್ತವೆ. ಕೆಂಪಿನ ಹಿಂದಿರುವ ಮನುಷ್ಯ ಏನು ಹೇಳುತ್ತಿದ್ದಾನೆಂಬುದು ಬಣ್ಣದಲ್ಲಿ ಕಾಣುವುದಿಲ್ಲ.

ಬೆಂಗಳೂರಿಗೆ ಮರಳಿದ ದಿನ ಫ್ರಿಜ್ಜಿನ ಮೇಲಿದ್ದ ತಃಖ್ತೆಯನ್ನು ಕಿತ್ತು ಎಸೆಯಲು ಹೋದೆ. ಹೆಂಡತಿ ಬೇಡವೆಂದಳು. ಸ್ಕೇಲು ಹಿಡಿದು ಬಲಬದಿಗೆ ಇನ್ನೊಂದು ಗೆರೆ ಎಳೆದೆ. ಗುರಿ: 5 ಗಂಟೆ. ಸಾಧನೆ: 5 ಗಂಟೆ 54 ನಿಮಿಷ. ಷರಾ: 'ಅಭ್ಯಾಸ ನಾಲ್ಕರಲ್ಲಿ ಒಂದು ಪಾಲು. ಗೊತ್ತಿದ್ದೂ ಆರಂಭದಲ್ಲಿ ಅತಿವೇಗ. ಶಿವಾಜಿ ಪಾರ್ಕಿನಲ್ಲಿ ನಿಲ್ಲಬೇಕಿತ್ತು.' ಲಾಲ್‌ಬಾಗಿನ ನಡಿಗೆಯ ಗೆಳೆಯರು ಮರುದಿನ, 'ಏನ್ ಸಾರ್, ಎಷ್ಟನೇ ಪ್ಲೇಸು?' ಎಂದು ಕೇಳಿದರು. ಅಂಕಿಯನ್ನು ಮೊದಲು ಹೇಳಿದೆ.